ಎಳ್ಳಮಾವಾಸ್ಯೆಯ ಕತ್ತಲೆಯಲ್ಲಿ ನಾಲ್ಕು ಚುಕ್ಕಿಗಳು

ಎಳ್ಳಮಾವಾಸ್ಯೆಯ ದಿನ ಕಲಬುರಗಿ ಸೀಮೆಯಲ್ಲಿ ಊರಿಗೆ ಊರೇ ಹೊಲ ಸೇರುತ್ತದೆ. ಆಳಂದ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ ಹೊಲಕ್ಕೆ ಆ ಸಲ ನಾನು ಹೋದದ್ದು ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆಯ ಊಟಕ್ಕಾಗಿ ಮಾತ್ರವಲ್ಲ. ಚರಗ ಚೆಲ್ಲಿ, ಉಂಡು, ಎಲ್ಲರೂ ಮನೆಗೆ ಮರಳಿದ ಮೇಲೆ ಆ ಹೊಲದಲ್ಲಿ ಉಳಿಯುವ ಚಂದ್ರನಿಲ್ಲದ ಕತ್ತಲೆ ನನಗೆ ಬೇಕಾಗಿತ್ತು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಕೆಳಗೆ, ಬರಿಗಣ್ಣಿಗೂ ಮಬ್ಬು ಚುಕ್ಕಿಯಂತೆ ಕಾಣುವ ನೀಹಾರಿಕೆಯನ್ನು, ಅಂದರೆ ಅನಿಲ ಮತ್ತು ದೂಳಿನ ಮೋಡವನ್ನು, ನನ್ನ 6 ಇಂಚು ಕನ್ನಡಿಯ ದೂರದರ್ಶಕದಿಂದ ಸೆರೆಹಿಡಿಯಬೇಕೆಂದು ಎರಡು ವರ್ಷಗಳಿಂದ ಕಲಬುರಗಿಯ ಮನೆಯ ಮಾಳಿಗೆಯ ಮೇಲೆ ಪ್ರಯತ್ನಿಸಿದ್ದೆ. ನಗರದ ದೀಪಗಳ ಬೆಳಕು ಪ್ರತಿ ಚಿತ್ರಕ್ಕೂ ಕಂದು ಬಣ್ಣದ ಪರದೆಯನ್ನು ಹೊದಿಸಿಬಿಡುತ್ತಿತ್ತು. ಮಾವನ ಹೊಲದಿಂದ ಆ ಬೆಳಕು ಆಗ್ನೇಯ ದಿಕ್ಕಿನ ಅಂಚಿನಲ್ಲಿ ಒಂದು ಮಂಕು ಗೋಪುರದಂತೆ ಮಾತ್ರ ಕಾಣುತ್ತದೆ.

ಈ ನೀಹಾರಿಕೆಯ ವಿಷಯದಲ್ಲಿ ನಮ್ಮ ಸೀಮೆಯವರು ಭಾಗ್ಯವಂತರು ಎಂದೇ ನಾನು ತಿಳಿದಿದ್ದೇನೆ. ಡಿಸೆಂಬರ್ ಕೊನೆಯ ವಾರದಲ್ಲಿ ರಾತ್ರಿ 11.30ರ ಸುಮಾರಿಗೆ ಅದು ದಕ್ಷಿಣದಲ್ಲಿ 67 ಡಿಗ್ರಿ ಎತ್ತರಕ್ಕೆ ಏರುತ್ತದೆ. ಲಂಡನ್ನಿನಲ್ಲಿ ಅದರ ಗರಿಷ್ಠ ಎತ್ತರ 33 ಡಿಗ್ರಿ ಮಾತ್ರ. ಎತ್ತರ ಹೆಚ್ಚಿದಷ್ಟೂ ನಾವು ನೋಡಬೇಕಾದ ಗಾಳಿಯ ಪದರ ತೆಳುವಾಗುತ್ತದೆ, ತೊಗರಿ ರಾಶಿಯ ದೂಳು ತುಂಬಿದ ಕೆಳಗಿನ ಆಕಾಶದಿಂದ ಬಿಡುಗಡೆ ಸಿಗುತ್ತದೆ. ಆದರೆ ಅದೇ ಅಕ್ಷಾಂಶ ಇನ್ನೊಂದು ಕಡೆ ತೊಂದರೆ ಕೊಡುತ್ತದೆ. ದೂರದರ್ಶಕವನ್ನು ಭೂಮಿಯ ತಿರುಗುವಿಕೆಗೆ ಸರಿಯಾಗಿ ತಿರುಗಿಸುವ ಮೋಟಾರಿನ ಅಕ್ಷವನ್ನು ಆಕಾಶದ ಧ್ರುವಕ್ಕೆ, ಅಂದರೆ ಚುಕ್ಕಿಗಳೆಲ್ಲ ಸುತ್ತುವಂತೆ ಕಾಣುವ ಬಿಂದುವಿಗೆ, ಗುರಿಮಾಡಬೇಕು, ಆ ಧ್ರುವ ನಮಗೆ ದಿಗಂತದಿಂದ ಕೇವಲ ಹದಿನೇಳೂವರೆ ಡಿಗ್ರಿ ಮೇಲಿದೆ. ಉತ್ತರದ ಬದುವಿನ ಬೇವಿನ ಮರ ಅಡ್ಡ ಬಂದದ್ದರಿಂದ ಟ್ರೈಪಾಡನ್ನು ಎರಡು ಸಲ ಎತ್ತಿ ಬೇರೆಡೆ ಇಡಬೇಕಾಯಿತು. ಧ್ರುವ ನಕ್ಷತ್ರವೂ ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಸರಿದು ನಿಂತಿರುವುದರಿಂದ, ಆ ಹೊತ್ತಿಗೆ ಅದು ಧ್ರುವದ ಯಾವ ಮಗ್ಗುಲಿಗಿದೆ ಎಂಬುದನ್ನು ಲೆಕ್ಕ ಹಾಕಿ ಅಷ್ಟು ಬಿಟ್ಟು ಗುರಿ ಹಿಡಿಯಬೇಕು.

ಮೊದಲ ಹತ್ತು ಚಿತ್ರಗಳಲ್ಲಿ ಚುಕ್ಕಿಗಳು ಗೆರೆಗಳಾಗಿ ಬಂದವು. ಧ್ರುವದ ಗುರಿ ತಪ್ಪಿರಬೇಕೆಂದು ಮತ್ತೆ ಹೊಂದಿಸಿದೆ, ಮತ್ತೆ ಗೆರೆಗಳೇ ಬಂದವು. ಮೂರನೆಯ ಸಲ ಕೆಂಪು ದೀಪ ಹಿಡಿದು ಕೆಳಗೆ ಕುಳಿತು ನೋಡಿದಾಗ ಕಾರಣ ತಿಳಿಯಿತು: ಎರೆಹೊಲದ ಸಡಿಲ ಕಪ್ಪು ಮಣ್ಣಿನಲ್ಲಿ ಟ್ರೈಪಾಡಿನ ಒಂದು ಕಾಲು ನಿಧಾನವಾಗಿ ಇಳಿಯುತ್ತಿತ್ತು. ನನ್ನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಎಂದರೆ ಆಕಾಶದ ಸುಮಾರು 1.2 ಆರ್ಕ್ ಸೆಕೆಂಡು, ಅಂದರೆ ಒಂದು ಡಿಗ್ರಿಯ ಮೂರು ಸಾವಿರದಲ್ಲೊಂದು ಭಾಗ. ಅಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಕೂದಲೆಳೆಯಷ್ಟು ಕುಸಿತವೂ ದೊಡ್ಡದೇ. ಮಾವ ಏನೂ ಹೇಳದೆ ಎದ್ದು ಹೋಗಿ, ಕೊಟ್ಟಿಗೆಗೆ ಹಾಸಿ ಉಳಿದಿದ್ದ ಶಹಾಬಾದ್ ಕಲ್ಲಿನ ಮೂರು ತುಂಡುಗಳನ್ನು ತಂದು, ಮಣ್ಣು ತುಳಿದು ಗಟ್ಟಿಮಾಡಿ, ಒಂದೊಂದು ಕಾಲಿನ ಕೆಳಗೆ ಒಂದೊಂದನ್ನು ಇಟ್ಟರು. ಮೋಟಾರಿಗೆ ವಿದ್ಯುತ್ತು ಅವರ ಟ್ರ್ಯಾಕ್ಟರಿನ ಬ್ಯಾಟರಿಯಿಂದಲೇ ಬರುತ್ತಿತ್ತು.

ಕ್ಯಾಮೆರಾವನ್ನು ಮತ್ತೆ ಜೋಡಿಸುವ ಮೊದಲು ಮಾವನಿಗೆ ಐಪೀಸಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಮಸೂರದಲ್ಲಿ, ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಸುಣ್ಣದ ಕೈ ಗ್ವಾಡಿಗಿ ಒರಸ್ದಂಗ ಅದ ನೋಡು. ಸ್ವಲ್ಪ ಹಸರು ಕಾಣ್ಲತ್ತದ. ನಡುವ ನಾಕ್ ಚುಕ್ಕಿ ಅವ."

ಇದು ಮಿರಗದ ಚುಕ್ಕಿಯೇ ಎಂದು ಕೇಳಿದರು. ಅವರ ಪಾಲಿಗೆ ಮಿರಗ, ಆರಿದ್ರಾ ಎರಡೂ ಮಳೆಯ ಹೆಸರುಗಳು. ಮೇಲೆ ತಲೆಯ ಭಾಗದಲ್ಲಿರುವ ಮಂಕು ಚುಕ್ಕಿಗಳು ಮೃಗಶಿರಾ, ಭುಜದ ಕೆಂಪು ಚುಕ್ಕಿ ಆರಿದ್ರಾ, ಜೂನಿನಲ್ಲಿ ಸೂರ್ಯ ಈ ಭಾಗದಲ್ಲೇ ಇರುವುದರಿಂದ ಆ ಮಳೆಗಳಿಗೆ ಈ ಹೆಸರು ಬಂದಿದೆ, ಹಾಗಾಗಿಯೇ ಆ ಮಳೆಗಾಲದಲ್ಲಿ ಈ ಚುಕ್ಕಿಗಳು ನಮಗೆ ಕಾಣುವುದಿಲ್ಲ ಎಂದು ಹೇಳಿದೆ. ಜೀವಮಾನವೆಲ್ಲ ಈ ಹೆಸರುಗಳ ಲೆಕ್ಕದಲ್ಲಿ ಬಿತ್ತಿದ ಮನುಷ್ಯ ಅದನ್ನು ಕೇಳಿ ತಲೆಯೆತ್ತಿ ಮತ್ತೊಮ್ಮೆ ಬರಿಗಣ್ಣಿನಿಂದ ನೋಡಿದ್ದು ನನಗೆ ಬಹಳ ಹಿಡಿಸಿತು.

ಆಮೇಲೆ ಕೆಲಸ ಸಾಗಿತು. 30 ಸೆಕೆಂಡುಗಳ 90 ಚಿತ್ರಗಳನ್ನು ತೆಗೆದೆ. ಅವುಗಳಲ್ಲಿ 11 ಚಿತ್ರಗಳು ಕಾಡುಹಂದಿ ಕಾಯುವ ಪಕ್ಕದ ಹೊಲದವರ ಟಾರ್ಚಿನ ಬೆಳಕಿನಿಂದಲೋ ಗಾಳಿಯಿಂದಲೋ ಕೆಟ್ಟವು. ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಒಂದು ಚಿತ್ರದ ಬೆಳಕನ್ನು ಹಿಗ್ಗಿಸಿ ಮಾವನ ಮುಂದೆ ಹಿಡಿದಾಗ ನನ್ನ ಮನಸ್ಸಿನಲ್ಲಿ ತೃಪ್ತಿಯಿತ್ತು. ಐಪೀಸಿನಲ್ಲಿ ಊಹೆಗೂ ಸಿಗದ ರೆಕ್ಕೆಗಳು ಎರಡೂ ಕಡೆ ಹರಡಿದ್ದವು.

"ಅಳಿಯಾ, ರೆಕ್ಕಿ ಬಂದಾವ, ಖರೇ. ಆದ್ರ ಆ ನಾಕ್ ಚುಕ್ಕಿ ಎಲ್ಲಿ ಹ್ವಾದವ?"

ನಡುವೆ ಸುಟ್ಟ ಬಿಳಿ ಕಲೆಯಲ್ಲದೆ ಬೇರೇನೂ ಇರಲಿಲ್ಲ. ಈ ನೀಹಾರಿಕೆಯ ಕೇಂದ್ರಕ್ಕೂ ಹೊರಗಿನ ರೆಕ್ಕೆಗಳಿಗೂ ಬೆಳಕಿನ ಅಂತರ ನೂರಾರು ಪಟ್ಟು. ನನ್ನ ಕ್ಯಾಮೆರಾದ ಒಂದೊಂದು ಪಿಕ್ಸೆಲ್ ದಾಖಲಿಸುವ ಬೆಳಕಿನ ಎಣಿಕೆ 16,383ಕ್ಕೆ ನಿಲ್ಲುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ನೀರು ಸುರಿದರೂ ಕೊಡದಲ್ಲಿ ಅದರ ಲೆಕ್ಕ ಸಿಗುವುದಿಲ್ಲ. ರೆಕ್ಕೆಗಳು ಮೂಡುವ ಹೊತ್ತಿಗೆ ಕೇಂದ್ರ ತುಂಬಿ ಹರಿದಿತ್ತು, ನಾಲ್ಕು ಚುಕ್ಕಿಗಳು ಆ ಹೊಳೆಯಲ್ಲಿ ಮುಳುಗಿದ್ದವು. ಇದನ್ನು ತಾಂತ್ರಿಕ ಮಿತಿ ಎಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಸುಮಾರು 1,340 ಜ್ಯೋತಿರ್ವರ್ಷ ದೂರದ ಆ ಮೋಡ ಬೆಳಗುತ್ತಿರುವುದೇ ಆ ಚುಕ್ಕಿಗಳಿಂದ, ಅದರಲ್ಲೂ ಅವುಗಳಲ್ಲಿ ಅತ್ಯಂತ ಪ್ರಖರವಾದ ಒಂದರ ನೇರಳಾತೀತ ಕಿರಣಗಳಿಂದ. ಅವು ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತುಹಾಕುತ್ತವೆ. ಎಲೆಕ್ಟ್ರಾನುಗಳು ಮರಳಿ ಕೂಡುವಾಗ ಮೋಡ ಹೊಳೆಯುತ್ತದೆ. ದೀಪವೇ ಇಲ್ಲದ ದೀಪದ ಬೆಳಕನ್ನು ನಾನು ಚಿತ್ರಿಸಿದ್ದೆ.

ಅಂದೇ ಮರಳಬೇಕಾಗಿದ್ದವನು ಇನ್ನೊಂದು ರಾತ್ರಿ ಉಳಿದೆ. ಕಲ್ಲುಗಳು ಅಲ್ಲಲ್ಲೇ ಇದ್ದುದರಿಂದ ಜೋಡಣೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 2 ಸೆಕೆಂಡುಗಳ 40 ಮತ್ತು 8 ಸೆಕೆಂಡುಗಳ 40 ಚಿತ್ರಗಳನ್ನು ತೆಗೆದು, ದೂರದರ್ಶಕದ ಬಾಯಿ ಮುಚ್ಚಿ ಪ್ರತಿ ಅವಧಿಗೂ ಇಪ್ಪತ್ತು ಕತ್ತಲೆ ಚಿತ್ರಗಳನ್ನೂ ತೆಗೆದೆ. ಕ್ಯಾಮೆರಾ ತನ್ನಷ್ಟಕ್ಕೆ ಹುಟ್ಟಿಸುವ ಬಿಸಿ ಪಿಕ್ಸೆಲ್ಲುಗಳನ್ನು ಆಮೇಲೆ ಕಳೆಯಲು ಅವು ಬೇಕು. ಬೆಳಕು ಹರಿಯುವಾಗ ಮಾವನ ಒಗೆದ ಬಿಳಿ ಧೋತರವನ್ನು ಕೊಳವೆಯ ಬಾಯಿಗೆ ಬಿಗಿದು, ಸಮನಾದ ಬೆಳಗಿನ ಆಕಾಶವನ್ನು ಹಿಡಿದೆ. ಕನ್ನಡಿಯಿಂದ ಬರುವ ಬೆಳಕು ಅಂಚಿನಲ್ಲಿ ಎಷ್ಟು ಮಂಕಾಗುತ್ತದೆ, ಸೆನ್ಸರಿನ ಮೇಲಿನ ದೂಳಿನ ಕಣ ಎಲ್ಲೆಲ್ಲಿ ನೆರಳು ಬೀಳಿಸಿದೆ ಎಂಬುದು ಅದರಿಂದ ತಿಳಿಯುತ್ತದೆ.

ಕಲಬುರಗಿಗೆ ಬಂದ ಮೇಲೆ ಮೂರು ವಾರಗಳ ಸಂಜೆಗಳು ಇದಕ್ಕೇ ಮೀಸಲಾದವು. ಸಿರಿಲ್ ಎಂಬ ಉಚಿತ ತಂತ್ರಾಂಶದಲ್ಲಿ 79 ಚಿತ್ರಗಳನ್ನು ಚುಕ್ಕಿಗೆ ಚುಕ್ಕಿ ಹೊಂದಿಸಿ ಸರಾಸರಿ ತೆಗೆದಾಗ, ಒಂದೇ ಚಿತ್ರದಲ್ಲಿದ್ದ ಮರಳಿನಂತಹ ಒರಟು ಸುಮಾರು ಒಂಬತ್ತನೆಯ ಒಂದು ಭಾಗಕ್ಕೆ ಇಳಿಯಿತು. ಎಲ್ಲ ಕೂಡಿ ಸುಮಾರು 40 ನಿಮಿಷಗಳ ಬೆಳಕು. 1880ರ ಸೆಪ್ಟೆಂಬರ್ 30ರಂದು ಅಮೆರಿಕದ ಹೆನ್ರಿ ಡ್ರೇಪರ್ ಇದೇ ನೀಹಾರಿಕೆಯನ್ನು ಗಾಜಿನ ಫಲಕದ ಮೇಲೆ 51 ನಿಮಿಷ ಹಿಡಿದರು. ಯಾವುದೇ ನೀಹಾರಿಕೆಯ ಮೊದಲ ಛಾಯಾಚಿತ್ರ ಅದು. ಒಂದು ಚಿತ್ರ ಕೆಟ್ಟರೆ ನಾನು ಅದನ್ನು ಬಿಟ್ಟು ಮುಂದಕ್ಕೆ ಹೋದೆ; ಅವರು 51 ನಿಮಿಷಗಳನ್ನೂ ಒಂದೇ ಫಲಕದ ಮೇಲೆ ತಪ್ಪಿಲ್ಲದೆ ಕಾಯಬೇಕಾಗಿತ್ತು. ಹೊಲದಲ್ಲಿ ಟ್ರೈಪಾಡಿನ ಕಾಲು ಇಳಿದದ್ದನ್ನು ನೆನೆದಾಗಲೆಲ್ಲ ಅವರ ಮೇಲಿನ ಗೌರವ ಹೆಚ್ಚುತ್ತದೆ.

ಬಣ್ಣದ ವಿಷಯದಲ್ಲಿ ನಾನು ಬಹಳ ಹೊತ್ತು ತಡೆದು ನಿಂತೆ. ತಂತ್ರಾಂಶದಲ್ಲಿ ಹಸಿರು ಕಳೆಯುವ ಒಂದು ಆಜ್ಞೆ ಇದೆ, ಆಕಾಶದಲ್ಲಿ ಹಸಿರು ಅಪರೂಪವೆಂದು ಹವ್ಯಾಸಿಗಳು ಅದನ್ನು ಯೋಚಿಸದೆ ಬಳಸುತ್ತಾರೆ. ನನ್ನ ಚಿತ್ರದ ಕೇಂದ್ರದಲ್ಲಿ ತಿಳಿ ಹಸಿರಿತ್ತು, ಮಾವನೂ ಅದನ್ನೇ ಕಂಡಿದ್ದರು. 1864ರಲ್ಲಿ ವಿಲಿಯಂ ಹಗಿನ್ಸ್ ಇನ್ನೊಂದು ನೀಹಾರಿಕೆಯ ವರ್ಣಪಟಲದಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ) ಗುರುತಿಸಿದ ಹಸಿರು ಗೆರೆಗಳು ಭೂಮಿಯ ಮೇಲಿಲ್ಲದ ಯಾವುದೋ ಧಾತುವಿನವೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1927ರಲ್ಲಿ ಐರಾ ಬೋವೆನ್ ಅವು ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕದವು ಎಂದು ತೋರಿಸಿದರು. ಆ ಹಸಿರನ್ನು ಅಳಿಸುವುದು ತಪ್ಪೆಂದು ನನಗೆ ತೋರಿತು, ಅಳಿಸಲಿಲ್ಲ. ಕೆಂಪು ಮಾತ್ರ ಬಡವಾಗಿಯೇ ಉಳಿಯಿತು, ಏಕೆಂದರೆ ಸಾಮಾನ್ಯ ಕ್ಯಾಮೆರಾದ ಒಳಗಿನ ಸೋಸುಗಾಜು ಹೈಡ್ರೋಜನ್ನಿನ 656 ನ್ಯಾನೋಮೀಟರ್ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಸೆನ್ಸರಿಗೆ ತಲುಪದ ಕೆಂಪನ್ನು ಆಮೇಲೆ ಬಳಿಯುವುದು ನನಗೆ ಒಪ್ಪಿಗೆಯಾಗದ ಕೆಲಸ.

ಕೊನೆಯದು ಮೂರು ಅವಧಿಯ ಚಿತ್ರಗಳನ್ನು ಒಂದಾಗಿಸುವ ಕೆಲಸ: ಉದ್ದದ್ದರಿಂದ ರೆಕ್ಕೆಗಳು, 8 ಸೆಕೆಂಡಿನದರಿಂದ ಒಳಗಿನ ಸುಳಿಗಳು, 2 ಸೆಕೆಂಡಿನದರಿಂದ ನಾಲ್ಕು ಚುಕ್ಕಿಗಳು. ಗಡಿಗಳು ಕಾಣದಂತೆ ಬೆರೆಸುವುದರಲ್ಲಿ ನಾಲ್ಕು ಸಲ ಸೋತೆ. ಅತಿಯಾಗಿ ತಗ್ಗಿಸಿದರೆ ಕೇಂದ್ರ ಬೂದುಬಣ್ಣಕ್ಕೆ ತಿರುಗಿ, ಹೊರಗಿನದಕ್ಕಿಂತ ಮಂಕಾಗಿ ಕಂಡು, ಮೋಡದ ಸಹಜ ಏರಿಳಿತವೇ ಸುಳ್ಳಾಗುತ್ತಿತ್ತು. ಐದನೆಯ ಸಲ ಕೇಂದ್ರವನ್ನು ಎಲ್ಲಕ್ಕಿಂತ ಪ್ರಖರವಾಗಿ ಉಳಿಸಿ, ಚುಕ್ಕಿಗಳು ಬಿಡಿಬಿಡಿಯಾಗುವಷ್ಟು ಮಾತ್ರ ಇಳಿಸಿದೆ.

ಚಿತ್ರವನ್ನು ಎ4 ಅಳತೆಯಲ್ಲಿ ಮುದ್ರಿಸಿದಾಗ ಆ ನಾಲ್ಕೂ ಚುಕ್ಕಿಗಳು ಸುಮಾರು ಒಂದು ಮಿಲಿಮೀಟರಿನೊಳಗೆ ಅಡಗಿದವು. ಹೀಗಾಗಿ ಕೇಂದ್ರವನ್ನಷ್ಟೇ ದೊಡ್ಡದಾಗಿಸಿ ಇನ್ನೊಂದು ಪ್ರತಿ ಮಾಡಿಸಿದೆ. ಅದರಲ್ಲಿ ಒರಟು ಎದ್ದು ಕಾಣುತ್ತದೆ, ಚುಕ್ಕಿಗಳ ಅಂಚೂ ಮೃದುವಾಗಿದೆ. ಎರಡನ್ನೂ ಸಂಕ್ರಾಂತಿ ಮುಗಿದ ಮೇಲೆ ಮಾವನಿಗೆ ಕೊಟ್ಟೆ. ರೆಕ್ಕೆಗಳ ಚಿತ್ರವನ್ನು ನೋಡಿ ಅತ್ತೆಯ ಕೈಗೆ ದಾಟಿಸಿದರು. ಒರಟು ಪ್ರತಿಯನ್ನು ಬಾಗಿಲ ಬೆಳಕಿಗೆ ಒಯ್ದು, ಕನ್ನಡಕ ತರಿಸಿಕೊಂಡು, ಉಗುರಿನಿಂದ ಒಂದೊಂದನ್ನೇ ಮುಟ್ಟಿ ನಾಲ್ಕರವರೆಗೂ ಎಣಿಸಿದರು.