ಅಂಗಿಯ ಮೇಲಿನ ಒಂಬತ್ತು ನಳಿಗೆಗಳು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಿಲ್ಮಿಂಗ್ಟನ್ ಪಟ್ಟಣದ ನದಿದಂಡೆಯಲ್ಲಿ ನಿಂತರೆ ಕೇಪ್ ಫಿಯರ್ ನದಿಯ ಆಚೆ ದಡದಲ್ಲಿ ‘ಯುಎಸ್‌ಎಸ್ ನಾರ್ತ್ ಕೆರೊಲಿನಾ’ ಯುದ್ಧನೌಕೆ ಕಾಣುತ್ತದೆ. ನಾನು ತಲುಪಿದ ದಿನ ಕತ್ತಲಾಗಿದ್ದರಿಂದ ಹಡಗು ಹತ್ತಲಾಗಲಿಲ್ಲ. ಪಟ್ಟಣದ ಅಂಗಡಿಯೊಂದರಲ್ಲಿ ಅದರ ಚಿತ್ರವಿದ್ದ ಟೀ ಶರ್ಟ್ ಕೊಂಡು ತಂದೆ. ಎದೆಯ ಮೇಲೆ ದಪ್ಪಕ್ಷರದಲ್ಲಿ ಹಡಗಿನ ಹೆಸರು, ಅದರಡಿ ಮುಂದೆ ಎರಡು, ಹಿಂದೆ ಎರಡು ಫಿರಂಗಿ ಗೋಪುರಗಳಿದ್ದ ಹಡಗು.

ಮರುದಿನ ಬೆಳಿಗ್ಗೆ ಡೆಕ್ಕಿನ ಮೇಲೆ ಕಂಡದ್ದು ಮೂರೇ ಗೋಪುರಗಳು. ಮುಂದೆ ಎರಡು, ಹಿಂದೆ ಒಂದು. ಒಂದೊಂದಕ್ಕೆ ಮೂರು ನಳಿಗೆಯಂತೆ ಒಟ್ಟು ಒಂಬತ್ತು. ಪ್ರತಿ ನಳಿಗೆಯ ಬಾಯಿ 16 ಅಂಗುಲ ಅಗಲ, ಅದರಿಂದ ಹಾರುತ್ತಿದ್ದ ದೊಡ್ಡ ಗುಂಡಿನ ತೂಕ ಸುಮಾರು 1,225 ಕಿಲೋ. ಹೆಸರು ಒಂದು ಹಡಗಿನದು, ಚಿತ್ರ ಇನ್ನಾವುದರದೋ! ಹಲವು ವರ್ಷ ಸ್ಕ್ರೀನ್ ಪ್ರಿಂಟಿಂಗ್ ಮಾಡಿದ ನನಗೆ ಇದು ಸಣ್ಣ ತಪ್ಪೆನಿಸಲಿಲ್ಲ. 1942ರ ಸೆಪ್ಟೆಂಬರ್ 15ರಂದು ಜಪಾನಿನ ಜಲಾಂತರ್ಗಾಮಿ ಬಿಟ್ಟ ಟಾರ್ಪಿಡೊ ಬಡಿದು ಐವರು ನಾವಿಕರು ಸತ್ತದ್ದು ಇದೇ ಹಡಗಿನಲ್ಲಿ. ಯುದ್ಧ ಮುಗಿದ ಮೇಲೆ ಗುಜರಿಗೆ ಹೋಗಲಿದ್ದ ಇದನ್ನು ಉಳಿಸಿಕೊಳ್ಳಲು ರಾಜ್ಯದ ಶಾಲಾ ಮಕ್ಕಳು ಚಿಲ್ಲರೆ ಕಾಸು ಕೂಡಿಸಿಕೊಟ್ಟರು. 1961ರಲ್ಲಿ ಹಡಗು ಈ ದಡಕ್ಕೆ ಬಂತು. ಹಾಗೆ ಉಳಿಸಿಕೊಂಡ ಹಡಗಿನ ಹೆಸರಿನಡಿ ಬೇರೆ ಹಡಗನ್ನು ಅಚ್ಚು ಹಾಕಬಾರದು.

ಒಳಗಿನ ಕಿರಿದಾದ ಏಣಿಗಳನ್ನು ಇಳಿದು ಅಡುಗೆಮನೆ, ಎಂಜಿನ್ ಕೋಣೆಗಳನ್ನು ದಾಟಿ ಬಂದಾಗ ಹಡಗಿನದೇ ಮುದ್ರಣಾಲಯ ಸಿಕ್ಕಿತು. ಕಡಲ ನಡುವೆಯೂ ಅಚ್ಚಿನ ಕೆಲಸ ನಡೆಯುತ್ತಿತ್ತೆಂದು ತಿಳಿದು, ಉಳಿದೆಲ್ಲ ಕೋಣೆಗಳಿಗಿಂತ ಹೆಚ್ಚು ಹೊತ್ತು ಅಲ್ಲಿ ನಿಂತೆ.

ಹೊರಬರುವ ದಾರಿಯ ಮಳಿಗೆಯಲ್ಲಿ ಅಂಗಿಗಳ ಸಾಲೇ ಇತ್ತು. ಹೆಚ್ಚಿನವುಗಳಲ್ಲಿ ಸೂರ್ಯಾಸ್ತ, ಬಾವುಟ, ಅಲೆಗಳೆಲ್ಲ ಸೇರಿ ಆರೇಳು ಬಣ್ಣಗಳಾಗಿದ್ದವು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿ, ಬೇಕು; ಪ್ರತಿ ಸ್ಕ್ರೀನೂ ಹಿಂದಿನದರ ಮೇಲೆ ಕೂದಲೆಳೆಯಷ್ಟೂ ಜರುಗದೆ ಕೂರಬೇಕು. ಒಂದು ಅಂಗಿಯಲ್ಲಿ ಹಡಗಿನ ಅಂಚಿಗೂ ಆಕಾಶಕ್ಕೂ ನಡುವೆ ಬಿಳಿ ಗೆರೆಯೊಂದು ಇಣುಕುತ್ತಿತ್ತು. ನನ್ನ ಮನಸ್ಸು ಹಿಡಿದದ್ದು ಮೂಲೆಯಲ್ಲಿದ್ದ ತಿಳಿಬೂದು ಅಂಗಿ. ಅದರ ಮೇಲೆ ಕಡುನೀಲಿ ಮತ್ತು ಕಪ್ಪು, ಎರಡೇ ಬಣ್ಣ. ಮೂರನೆಯ ಬಣ್ಣವಾಗಿ ಬಟ್ಟೆಯನ್ನೇ ಬಿಟ್ಟುಕೊಂಡಿದ್ದರು.

ಚಿತ್ರವೂ ಅದಕ್ಕೆ ಒಪ್ಪುವಂಥದ್ದೇ. ಎರಡನೇ ಮಹಾಯುದ್ಧದಲ್ಲಿ ಈ ಹಡಗಿನ ಮೈಗೆ ಚೂಪಾದ ಅಂಚುಗಳ ದೊಡ್ಡ ಬಣ್ಣದ ಪಟ್ಟೆಗಳನ್ನು ಬಳಿದಿದ್ದರು. ಹಡಗನ್ನು ಮರೆಮಾಡುವುದಕ್ಕಿಂತ, ಅದು ಯಾವ ಕಡೆಗೆ ಎಷ್ಟು ವೇಗದಲ್ಲಿ ಸಾಗುತ್ತಿದೆ ಎಂಬ ಶತ್ರುವಿನ ಅಂದಾಜನ್ನು ತಪ್ಪಿಸುವುದೇ ಅದರ ಉದ್ದೇಶವಾಗಿತ್ತು. ನೆರಳು-ಬೆಳಕಿನ ಮೆಲುಪಿಲ್ಲದ ಇಂಥ ಸಮತಟ್ಟಾದ ಬಣ್ಣವೇ ಸ್ಕ್ರೀನ್ ಪ್ರಿಂಟಿಂಗಿಗೆ ಹೇಳಿ ಮಾಡಿಸಿದ್ದು. ರಬ್ಬರ್ ಪಟ್ಟಿಯಿಂದ ಒಮ್ಮೆ ಎಳೆದ ಶಾಯಿ ಜಾಲರಿಯ ತೆರೆದ ಕಣ್ಣುಗಳಿಂದಷ್ಟೇ ಇಳಿದು, ಅಂಚನ್ನು ಕತ್ತರಿಸಿದಂತೆ ನಿಲ್ಲಿಸುತ್ತದೆ.

ಬೆರಳಾಡಿಸಿ ನೋಡಿದೆ, ಶಾಯಿ ತೆಳುವಾಗಿ ನೂಲಿಗೆ ಕಚ್ಚಿಕೊಂಡಿತ್ತು. ಅಂಗಿಗಳ ಅಚ್ಚಿಗೆ ಬಳಸುವ ಪ್ಲಾಸ್ಟಿಸಾಲ್ ಎಂಬ ಪ್ಲಾಸ್ಟಿಕ್ ಶಾಯಿ ಸುಮಾರು 160 ಡಿಗ್ರಿ ಸೆಲ್ಸಿಯಸ್ ಶಾಖ ಕಾಣದಿದ್ದರೆ ಪೂರ್ತಿ ಗಟ್ಟಿಯಾಗುವುದಿಲ್ಲವಾದ್ದರಿಂದ, ಕಸುಬಿನ ರೂಢಿಯಂತೆ ಅಚ್ಚಿರುವಲ್ಲಿ ಬಟ್ಟೆಯನ್ನು ಎರಡೂ ಕೈಯಿಂದ ಮೆಲ್ಲನೆ ಜಗ್ಗಿದೆ. ಒಂದು ಬಿರುಕೂ ಮೂಡಲಿಲ್ಲ. ಮುಂಭಾಗದಲ್ಲಿ 55 ಎಂಬ ಹಡಗಿನ ಸಂಖ್ಯೆ ಸ್ಪಷ್ಟವಾಗಿತ್ತು. ಹಣ ಕೊಡುವ ಮೊದಲು ನಳಿಗೆಗಳನ್ನು ಎಣಿಸಿದೆ: ಮುಂದೆ ಆರು, ಹಿಂದೆ ಮೂರು.