ಹಳೇ ಟ್ರ್ಯಾಕ್ಟರ್ ರಿಪೇರಿ: ಬ್ಯಾಟರಿ ಕೇಬಲ್ ಎಷ್ಟು ದಪ್ಪ ಇರಬೇಕು?

ಪಂಪು, ನಾಜಲ್ ಕೆಲಸ ಮುಗಿದ ಮೇಲೆ ಉಳಿದಿದ್ದ ದೊಡ್ಡ ತಲೆನೋವು ಸೆಲ್ಫ್, ಅಂದ್ರೆ ಎಂಜಿನ್ ತಿರುಗಿಸೋ ಸ್ಟಾರ್ಟರ್ ಮೋಟರ್. ಮಧ್ಯಾಹ್ನ ಕೀ ತಿರುಗಿಸಿದರೆ ಗಾಡಿ ತಕ್ಷಣ ಸ್ಟಾರ್ಟ್. ಹಾಸನದ ಮಾಗಿ ಚಳಿಯಲ್ಲಿ, ಬೆಳಿಗ್ಗೆ ರಾಗಿ ಕಣಕ್ಕೆ ಹೊರಡೋ ಹೊತ್ತಿಗೆ ಮಾತ್ರ ಮುಲುಗುತ್ತಾ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಗಾಳಿ ಒತ್ತಿ ಬಿಸಿಯಾದರೇನೇ ಡೀಸೆಲ್ ಹೊತ್ತಿಕೊಳ್ಳೋದು. ನಿಧಾನಕ್ಕೆ ತಿರುಗಿದರೆ ಆ ಬಿಸಿಯೆಲ್ಲ ತಣ್ಣಗಿರೋ ಸಿಲಿಂಡರ್ ಗೋಡೆಗೆ ಹೋಗಿಬಿಡುತ್ತದೆ. ಜೊತೆಗೆ ಚಳಿಗೆ ಆಯಿಲ್ ಬೇರೆ ಗಟ್ಟಿ.

ನೋಡಿದವರೆಲ್ಲ ಹೇಳಿದ್ದು ಒಂದೇ, ಬ್ಯಾಟರಿ ಬದಲಾಯಿಸಿ. ಬ್ಯಾಟರಿ ಆಸಿಡ್‌ನ ಸಾಂದ್ರತೆ ಅಳೆಯೋ ಹೈಡ್ರೋಮೀಟರ್‌ನಲ್ಲಿ ಆರೂ ಸೆಲ್ 1.260ರ ಮೇಲಿದ್ದವು, ಅಂದ್ರೆ ಚಾರ್ಜ್ ಚೆನ್ನಾಗಿದೆ. ಬ್ಯಾಟರಿ ಚೆನ್ನಾಗಿಯೇ ಇದೆ, ಸುಮ್ನೆ ಯಾಕೆ ದುಡ್ಡು ಸುರಿಯೋದು? ಮೊದಲು ಅಳತೆ ಮಾಡೋಣ ಅಂದುಕೊಂಡೆ.

ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿ, ಡೀಸೆಲ್ ನಿಲ್ಲಿಸೋ ಸ್ಟಾಪ್ ನಾಬ್ ಎಳೆದು ಹಿಡಿದುಕೊಂಡು ಸೆಲ್ಫ್ ಹೊಡೆಯಬೇಕು. ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗಲ್ಲ. ಆ ಹೊತ್ತಿನಲ್ಲಿ ಬ್ಯಾಟರಿಯ ಸೀಸದ ಕಂಬಗಳ ಮೇಲೆ 10.6 ವೋಲ್ಟ್ ತೋರಿಸಿತು. ಸೆಲ್ಫ್ ಮೋಟರ್ ಹತ್ತಿರ 9.1. ಒಂದೂವರೆ ವೋಲ್ಟ್ ದಾರಿಯಲ್ಲೇ ಖರ್ಚು! ಆಮೇಲೆ ಮೀಟರಿನ ಒಂದು ಮುಳ್ಳು ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ಬೋಲ್ಟಿಗೆ ಇಟ್ಟರೆ 0.7. ಮೈನಸ್ ಕಂಬದಿಂದ ಸೆಲ್ಫಿನ ಮೈಗೆ 0.8. ಜನ ಕೆಂಪು ಕೇಬಲ್ ಮಾತ್ರ ನೋಡ್ತಾರೆ. ಹೋದ ಕರೆಂಟು ವಾಪಸ್ ಬರಲೇಬೇಕು ಅಲ್ವಾ? ಇಲ್ಲಿ ವಾಪಸ್ ದಾರಿಯಲ್ಲೇ ಜಾಸ್ತಿ ನಷ್ಟ.

ಕಾರಣ ಕಣ್ಣಿಗೇ ಕಾಣುತ್ತಿತ್ತು. ಬ್ಯಾಟರಿ ಇರೋದು ಮುಂದೆ, ರೇಡಿಯೇಟರ್ ಎದುರಿಗೆ. ಮೈನಸ್ ಕಂಬದಿಂದ ಬರೋ ಅರ್ಥಿಂಗ್ ಪಟ್ಟಿಯನ್ನು ಅಲ್ಲೇ ಮುಂದಿನ ಚಾಸಿಗೆ, ಪೇಂಟ್ ಮೇಲೇ ಬಿಗಿದಿದ್ದರು. ತುದಿಯಲ್ಲಿ ಬೋಲ್ಟಿಗೆ ಕೂರೋ ಲೋಹದ ಲಗ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಬೆರಳಲ್ಲಿ ಉಜ್ಜಿದರೆ ಎಳೆಗಳು ಪುಡಿಪುಡಿ. ಪ್ಲಸ್ ಕೇಬಲ್ 25 ಸ್ಕ್ವೇರ್ ಎಂಎಂ (ಅಡ್ಡ ಕತ್ತರಿಸಿದರೆ ಕಾಣೋ ಲೋಹದ ವಿಸ್ತೀರ್ಣ), ಉದ್ದ 2.2 ಮೀಟರ್.

ಸೋಲಾರ್ ಪಂಪ್ ಕೆಲಸ ಮಾಡೋ ಗೆಳೆಯನ ಹತ್ತಿರ ಡಿಸಿ ಕ್ಲ್ಯಾಂಪ್ ಮೀಟರ್ ಇತ್ತು, ಕೇಬಲ್ ಸುತ್ತ ಹಿಡಿದರೆ ಕರೆಂಟ್ ಎಷ್ಟು ಅಂತ ತೋರಿಸುತ್ತದೆ. ತಿರುಗುವಾಗ ಸುಮಾರು 250 ಆಂಪಿಯರ್ ಬಂತು. ಮೊದಲ ಕ್ಷಣದ ಎಳೆತ ಇದಕ್ಕಿಂತ ಎಷ್ಟೋ ಜಾಸ್ತಿ, ಆ ಮೀಟರ್‌ಗೆ ಅದು ಸಿಗಲ್ಲ. ಲೆಕ್ಕಕ್ಕೆ 250 ಸಾಕು. ಒಂದು ಮೀಟರ್ ತಾಮ್ರದ ಕೇಬಲ್‌ನ ರೆಸಿಸ್ಟೆನ್ಸ್ 35 ಸ್ಕ್ವೇರ್‌ಗೆ 0.55 ಮಿಲಿಓಮ್, 50ಕ್ಕೆ 0.39, 70ಕ್ಕೆ 0.27. ಅರ್ಥಿಂಗನ್ನೂ ಚಾಸಿಗೆ ಬಿಡದೆ ನೇರ ಸೆಲ್ಫ್ ಕೂತಿರೋ ಬೋಲ್ಟಿಗೇ ಎಳೆಯೋಣ ಅಂತ ನಿರ್ಧಾರ ಮಾಡಿದೆ. ಅದಕ್ಕೆ 2 ಮೀಟರ್ ಬೇಕು. ಒಟ್ಟು 4.2 ಮೀಟರ್. ಕರೆಂಟ್, ರೆಸಿಸ್ಟೆನ್ಸ್, ಉದ್ದ ಮೂರನ್ನೂ ಗುಣಿಸಿದರೆ 35ರಲ್ಲಿ ಸುಮಾರು 0.58 ವೋಲ್ಟ್ ಹೋಗುತ್ತದೆ, 50ರಲ್ಲಿ 0.41, 70ರಲ್ಲಿ 0.28. ಎರಡೂ ಕಡೆ ಸೇರಿ ಅರ್ಧ ವೋಲ್ಟ್ ದಾಟಬಾರದು ಅನ್ನೋದು ನನ್ನ ಗುರಿ. 70 ಹಾಕಿದರೆ ಇನ್ನೂ ಒಳ್ಳೆಯದೇ, ಆದರೆ ಬಾನೆಟ್ ಒಳಗೆ ಅದನ್ನು ಬಗ್ಗಿಸಿ ಕೂರಿಸೋದು ಕಷ್ಟ, ದುಡ್ಡೂ ಜಾಸ್ತಿ. 50 ಗಟ್ಟಿ ಮಾಡಿದೆ. ಬ್ಯಾಟರಿ ಸೆಲ್ಫಿನ ಪಕ್ಕದಲ್ಲೇ ಇರೋ ಗಾಡಿಗಾದರೆ 35 ಧಾರಾಳ ಸಾಕು. ಎಷ್ಟು ಎಚ್‌ಪಿ ಅಂತ ಕೇಳಿ ಕೇಬಲ್ ಕೊಡೋರು ಉದ್ದ ಎಷ್ಟು ಅಂತ ಕೇಳೋದೇ ಇಲ್ಲ.

ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ "50 ಸ್ಕ್ವೇರ್" ಅಂತ ಕೊಟ್ಟ ಕೇಬಲ್ ಕೈಯಲ್ಲಿ ಹಿಡಿದರೆ ಹಗುರ ಅನ್ನಿಸಿತು. 50 ಸ್ಕ್ವೇರ್ ಅಂದ್ರೆ ಮೀಟರಿಗೆ ತಾಮ್ರವೇ ಸುಮಾರು 440 ಗ್ರಾಂ ತೂಗಬೇಕು. ಒಂದು ಎಳೆ ಬ್ಲೇಡಿನಲ್ಲಿ ಕೆರೆದು ನೋಡಿದೆ, ಒಳಗೆ ಬೆಳ್ಳಗೆ! ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅದು ತಾಮ್ರದ ಮೂರನೇ ಎರಡರಷ್ಟು ಕರೆಂಟನ್ನೂ ಸರಿಯಾಗಿ ಸಾಗಿಸಲ್ಲ. ವಾಪಸ್ ಕೊಟ್ಟು, ಬೇರೆ ಕಡೆ ರಬ್ಬರ್ ಹೊದಿಕೆಯ ವೆಲ್ಡಿಂಗ್ ಕೇಬಲ್ ತಗೊಂಡೆ. ತಾಮ್ರದ್ದೇ. 0.40 ಎಂಎಂ ಎಳೆಗಳಾದರೆ ಸುಮಾರು 396 ಇದ್ದರೆ 50 ಸ್ಕ್ವೇರ್ ಆಗುತ್ತದೆ. ಎಲ್ಲ ಎಣಿಸೋ ತಾಳ್ಮೆ ಯಾರಿಗಿದೆ? ಹುರಿಯಲ್ಲಿ ಎಷ್ಟು ಕಟ್ಟು ಇದೆ ನೋಡಿ, ಒಂದು ಕಟ್ಟು ಎಣಿಸಿ ಗುಣಿಸಿದೆ. ಸರಿಯಾಗಿತ್ತು. ಹೊರಗಿನ ದಪ್ಪ ನೋಡಿ ಮಾತ್ರ ಯಾರೂ ತಗೋಬೇಡಿ, ಅರ್ಧ ದಪ್ಪ ರಬ್ಬರೇ ಇರುತ್ತದೆ.

ಲಗ್‌ಗಳನ್ನು ತವರ ಲೇಪದ ತಾಮ್ರದ್ದೇ ತಂದು, ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ (ಲಗ್ಗನ್ನು ಕೇಬಲ್ ಮೇಲೆ ಬಿಗಿಯಾಗಿ ಒತ್ತೋ ಸಾಧನ) ಒತ್ತಿಸಿದೆ. ಸುತ್ತಿಗೆಯಲ್ಲಿ ಜಜ್ಜೋದು ಬೇಡ. ಬೆಸುಗೆಯೂ ನನಗೆ ಇಷ್ಟವಿಲ್ಲ. ತವರ ಎಳೆಗಳೊಳಗೆ ಹತ್ತಿಕೊಂಡು ಅಷ್ಟು ಭಾಗ ಬಿರುಸಾಗುತ್ತದೆ, ಟ್ರ್ಯಾಕ್ಟರ್ ಅದುರಾಟಕ್ಕೆ ಸರಿಯಾಗಿ ಅಲ್ಲೇ ಮುರಿಯುತ್ತದೆ. ಮೇಲೆ ಬಿಸಿ ಮಾಡಿದರೆ ಕುಗ್ಗಿ ಕೂರೋ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಕೊಳವೆ ಹಾಕಿದ್ದೇನೆ, ನೀರು ಇಳಿಯಬಾರದು. ಅರ್ಥಿಂಗ್ ಬೋಲ್ಟ್ ಕೆಳಗಿನ ಪೇಂಟನ್ನು ಬಿಳಿ ಲೋಹ ಕಾಣೋವರೆಗೂ ಉಜ್ಜಿದೆ.

ಈ ಕೇಬಲ್‌ಗೆ ಫ್ಯೂಸ್ ಇರಲ್ಲ. ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ ಬೆಂಕಿಯೇ. ಅದಕ್ಕೆ ಸೈಲೆನ್ಸರ್ ಕಡೆ ಬಿಟ್ಟು ಇನ್ನೊಂದು ಪಕ್ಕದಲ್ಲಿ ಎಳೆದು, ಸುರುಳಿ ಪೈಪ್ ಹಾಕಿ, ಗೇಣಿಗೊಂದು ಕ್ಲಿಪ್ ಬಿಗಿದೆ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

ಈಗ ಚಳಿ ಬೆಳಿಗ್ಗೆ ಅಳೆದರೆ ಬ್ಯಾಟರಿಯಲ್ಲಿ 10.5, ಸೆಲ್ಫಿನಲ್ಲಿ 10.0. ಜಾಯಿಂಟ್‌ಗಳೂ ಸೇರಿ ಅರ್ಧ ವೋಲ್ಟ್. ಎಂಜಿನ್ ತಿರುಗೋ ಸದ್ದೇ ಬೇರೆ, ಮೊದಲ ಎಳೆತಕ್ಕೇ ಹೊಗೆ ಬಿಟ್ಟು ಎದ್ದೇಳುತ್ತದೆ. ಇನ್ನು ಆಲ್ಟರ್ನೇಟರ್‌ನಿಂದ ಬರೋ ಚಾರ್ಜಿಂಗ್ ವೈರ್ ನೋಡಬೇಕು. ಅದರ ಲಗ್ ತುದಿಯೂ ಕಪ್ಪಾಗಿದೆ.