ಶೇಕಡಾ ಹತ್ತರ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಬ್ರಿಟನ್ನಿಗೆ ಎಂಎಸ್‌ಸಿ, ಎಂಎ ಓದಲು ಬರುವ ನಮ್ಮ ಹುಡುಗ ಹುಡುಗಿಯರು ಮೊದಲ ಅಸೈನ್‌ಮೆಂಟ್ ಹೊತ್ತಿಗೆ ಕೇಳುವ ಪ್ರಶ್ನೆ: ‘ಟರ್ನಿಟಿನ್‌ನಲ್ಲಿ ಎಷ್ಟು ಪರ್ಸೆಂಟ್ ಬಂದರೆ ಸೇಫ್?’ ಟರ್ನಿಟಿನ್ ಎಂದರೆ ಪ್ರಬಂಧ ಬೇರೆ ಬರಹಗಳನ್ನು ಎಷ್ಟು ಹೋಲುತ್ತದೆ ಎಂದು ತೋರಿಸುವ ತಂತ್ರಾಂಶ. ಪ್ರಶ್ನೆಯ ಬೇರು ಊರಿನಲ್ಲಿದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಆಮೇಲೆ 40, 60 ಎಂದು ಮೆಟ್ಟಿಲೇರಿದಂತೆ ಶಿಕ್ಷೆಯೂ ಏರುತ್ತದೆ. ಇಲ್ಲಿ ಸಾಮಾನ್ಯವಾಗಿ ಅಂಥ ಗೆರೆ ಇರುವುದಿಲ್ಲ. ಗ್ರಂಥಸೂಚಿ, ಪ್ರಶ್ನೆಪತ್ರಿಕೆಯ ಸಾಲು, ಸರಿಯಾಗಿ ಗುರುತಿಸಿದ ಉದ್ಧರಣೆಗಳಿಂದಲೇ ಶೇ. 30 ಬಂದ ಪ್ರಬಂಧ ಸಲೀಸಾಗಿ ಪಾಸಾಗಬಹುದು. ಶೇ. 6 ಬಂದದ್ದು ವಿಚಾರಣೆಗೆ ಹೋಗಬಹುದು, ಆ ಆರೂ ಒಂದೇ ಲೇಖನದಿಂದ ಎತ್ತಿದ ಪ್ಯಾರಾ ಆಗಿದ್ದರೆ. ಯಂತ್ರ ಹೋಲಿಕೆ ತೋರಿಸಿ ಸುಮ್ಮನಾಗುತ್ತದೆ. ಅದು ಕಳವೋ ಉದ್ಧರಣೆಯೋ ಎಂದು ತೀರ್ಮಾನಿಸುವವರು ಮೇಷ್ಟ್ರು. ಅವರು ನೋಡುವುದು ಬೇರೆಯವರ ಮಾತು ಎಲ್ಲಿ ಮುಗಿದು ನಿಮ್ಮದು ಎಲ್ಲಿ ಶುರುವಾಯಿತು ಎಂಬುದನ್ನು.

ಮೊದಲು ವಿಭಾಗದ ಕೈಪಿಡಿ ತೆರೆದು ಆಕರ ನಮೂದಿಸಲು ಯಾವ ಶೈಲಿ ಎಂದು ನೋಡಿ. ಕಾನೂನಿಗೆ ಅಡಿಟಿಪ್ಪಣಿಯ ಆಸ್ಕೊಲಾ, ವೈದ್ಯಕೀಯದಲ್ಲಿ ಹೆಚ್ಚಾಗಿ ಸಂಖ್ಯೆ ಹಾಕುವ ವ್ಯಾಂಕೂವರ್, ಮನಃಶಾಸ್ತ್ರಕ್ಕೆ ಎಪಿಎ. ‘ಹಾರ್ವರ್ಡ್’ ಎಂದಿದ್ದರೆ ಎಚ್ಚರ: ಅದಕ್ಕೊಂದು ಅಧಿಕೃತ ಕೈಪಿಡಿಯೇ ಇಲ್ಲ. ಪಕ್ಕದ ವಿಶ್ವವಿದ್ಯಾಲಯದ ಗೆಳೆಯನ ಅಲ್ಪವಿರಾಮ ನಿಮ್ಮಲ್ಲಿ ತಪ್ಪಾಗಬಹುದು.

ಎಪಿಎ ಏಳನೆಯ ಆವೃತ್ತಿಯಲ್ಲಿ 40 ಪದಕ್ಕಿಂತ ಚಿಕ್ಕ ಉದ್ಧರಣೆ ಸಾಲಿನೊಳಗೇ, ಉದ್ಧರಣ ಚಿಹ್ನೆಯೊಳಗೆ ಬರುತ್ತದೆ; ಬೆನ್ನಿಗೇ ಲೇಖಕರ ಹೆಸರು, ವರ್ಷ, ಪುಟ. 40 ಅಥವಾ ಹೆಚ್ಚಾದರೆ ಹೊಸ ಸಾಲಿನಿಂದ, ಅರ್ಧ ಇಂಚು ಒಳಗೆ ಸರಿಸಿ, ಚಿಹ್ನೆಯಿಲ್ಲದೆ. ನಡುವೆ ಪದ ಬಿಟ್ಟರೆ ಮೂರು ಚುಕ್ಕಿ. ನೀವು ಸೇರಿಸಿದ ಪದಕ್ಕೆ ಚೌಕ ಆವರಣ. ಇಷ್ಟನ್ನು ಎಲ್ಲರೂ ಬೇಗ ಕಲಿಯುತ್ತಾರೆ.

ಎಡವುವುದು ‘ಸ್ವಂತ ಮಾತಿನಲ್ಲಿ’ ಬರೆಯುವಾಗ. ಮೂಲದಲ್ಲಿ ‘ಮಳೆ ಕಡಿಮೆಯಾದ ವರ್ಷಗಳಲ್ಲಿ ಸಣ್ಣ ರೈತರು ಖಾಸಗಿ ಸಾಲಕ್ಕೆ ಹೆಚ್ಚು ಮೊರೆಹೋಗುತ್ತಾರೆ’ ಎಂದಿದೆ ಅನ್ನಿ. ‘ಮಳೆ ಕ್ಷೀಣಿಸಿದ ವರ್ಷಗಳಲ್ಲಿ ಚಿಕ್ಕ ಹಿಡುವಳಿದಾರರು ಖಾಸಗಿ ಸಾಲವನ್ನು ಹೆಚ್ಚು ಅವಲಂಬಿಸುತ್ತಾರೆ’ ಎಂದು ಬರೆದರೆ ಅಂಗಿ ಅದೇ, ಗುಂಡಿ ಮಾತ್ರ ಬೇರೆ. ಕೊನೆಗೆ ಹೆಸರು, ವರ್ಷ ಹಾಕಿದರೂ ಇದನ್ನು ತೇಪೆ ಬರಹವೆಂದೇ ಎಣಿಸುತ್ತಾರೆ. ಮೂಲವನ್ನು ಎದುರಿಗಿಟ್ಟುಕೊಂಡು ಬರೆದರೆ ಕೈ ತಾನಾಗಿಯೇ ಹೀಗೆ ಹೋಗುತ್ತದೆ. ಓದಿ, ಮುಚ್ಚಿ, ನಿಮ್ಮ ವಾದಕ್ಕೆ ಅದರಿಂದ ಏನು ಬೇಕೋ ಅಷ್ಟನ್ನೇ ಬರೆಯಿರಿ: ‘ಮಳೆ ಕೈಕೊಟ್ಟಾಗ ಬ್ಯಾಂಕು ಕೂಡ ರೈತನಿಗೆ ದೂರವಾಗುತ್ತದೆ ಎನ್ನುವುದಕ್ಕೆ ಖಾಸಗಿ ಸಾಲದ ಏರಿಕೆಯೇ ಸುಳಿವು.’ ಆಮೇಲೆ ಮೂಲ ತೆರೆದು ಹೋಲಿಸಿ. ಬ್ಯಾಂಕಿನ ಮಾತು ಮೂಲದ್ದಲ್ಲ, ನಿಮ್ಮದು. ಆದ್ದರಿಂದ ಆಕರವನ್ನು ಖಾಸಗಿ ಸಾಲದ ಸಂಗತಿಗೆ ಅಂಟಿಸಿಯೇ ಹಾಕಬೇಕು. ಪ್ಯಾರಾದ ಕೊನೆಯಲ್ಲಿ ಒಂದೇ ಆವರಣ ಇಟ್ಟರೆ ಹಿಂದಿನ ನಾಲ್ಕು ವಾಕ್ಯ ಯಾರದೆಂದು ಓದುವವರಿಗೆ ತಿಳಿಯದು.

ಎಡವುವ ಇನ್ನೊಂದು ಜಾಗ, ಓದದ ಪುಸ್ತಕ. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಕೊಡವರ ಕುರಿತ 1952ರ ಪುಸ್ತಕದಲ್ಲಿ ‘ಸಂಸ್ಕೃತೀಕರಣ’ದ ಬಗ್ಗೆ ಬರೆದರು. ನೀವದನ್ನು ಯಾವುದೋ ಪಠ್ಯಪುಸ್ತಕದಲ್ಲಿ ಓದಿದ್ದರೆ, ಶ್ರೀನಿವಾಸರ ಹೆಸರಿನ ಜೊತೆ ‘ಇಂಥವರು ಉಲ್ಲೇಖಿಸಿದಂತೆ’ ಎಂದು ಆ ಪಠ್ಯವನ್ನು ಹೇಳಬೇಕು. ಎಪಿಎ ಪ್ರಕಾರ ಗ್ರಂಥಸೂಚಿಗೆ ಸೇರುವುದೂ ಪಠ್ಯ ಮಾತ್ರ. ಅದಕ್ಕಿಂತ ಗ್ರಂಥಾಲಯದಿಂದ ಮೂಲವನ್ನೇ ತರಿಸಿಕೊಳ್ಳುವುದು ಮೇಲು. ಸೂಚಿಯಲ್ಲಿ ಅವರು ‘ಶ್ರೀನಿವಾಸ್’ ಎಂಬಲ್ಲಿ ಬರಬೇಕು, ಇನಿಶಿಯಲ್ ಆಮೇಲೆ. ಗ್ರಂಥಸೂಚಿ ಜೋಡಿಸಿಕೊಡುವ ಜೊಟೆರೋದಂಥ ತಂತ್ರಾಂಶ ಉಚಿತ, ಉಪಯುಕ್ತ; ಆದರೆ ಆಮದಾದ ಮಾಹಿತಿಯಲ್ಲಿ ನಮ್ಮ ಹೆಸರುಗಳು ತಲೆಕೆಳಗಾಗಿರುವುದುಂಟು. ಒಂದೊಂದನ್ನೂ ಕಣ್ಣಾಡಿಸಿ. ಕುವೆಂಪು ಎಂದು ಅಚ್ಚಾಗಿದ್ದರೆ ಕುವೆಂಪು ಎಂದೇ. ಪುಟ್ಟಪ್ಪ ಎಂದು ತಿದ್ದುವ ಉತ್ಸಾಹ ಬೇಡ.

ಕನ್ನಡ ಆಕರ ಬಳಸುವವರಿಗೆ ಬೇಕಾದ ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. ಕನ್ನಡದ ಸಾಲನ್ನು ನೀವೇ ಇಂಗ್ಲಿಷಿಗೆ ತಂದರೆ ಎಪಿಎ ಅದನ್ನು ಉದ್ಧರಣೆ ಎನ್ನುವುದಿಲ್ಲ, ಸ್ವಂತ ಮಾತಿನ ನಿರೂಪಣೆ ಎನ್ನುತ್ತದೆ. ಉದ್ಧರಣ ಚಿಹ್ನೆ ಬೇಡ, ಆಕರ ಬೇಕೇ ಬೇಕು. ಪ್ರಕಟಿತ ಅನುವಾದದಿಂದ ತೆಗೆದಿದ್ದರೆ ಚಿಹ್ನೆಯೂ ಬೇಕು, ಸೂಚಿಯಲ್ಲಿ ಅನುವಾದಕರ ಹೆಸರೂ ಬೇಕು. ಕನ್ನಡದಿಂದ ಇಂಗ್ಲಿಷಿಗೆ ಬಂದ ಪ್ಯಾರಾವನ್ನು ಟರ್ನಿಟಿನ್ ಹಿಡಿಯಲಿಕ್ಕಿಲ್ಲ ಎಂಬ ಧೈರ್ಯದಲ್ಲಿ ಆಕರ ಬಿಟ್ಟರೆ ಅದೂ ಕಳವೇ.

ಒಂದೇ ಮನೆಯಲ್ಲಿ ನಾಲ್ಕು ಜನ, ಒಂದೇ ಕೋರ್ಸು: ‘ನಿನ್ನ ಫೈಲ್ ಕಳಿಸು ಮಾರಾಯ, ಸುಮ್ಮನೆ ನೋಡ್ತೀನಿ.’ ಕೊಟ್ಟವನೂ ವಿಚಾರಣೆಗೆ ಕೂರಬೇಕಾಗಬಹುದು. ಹಿಂದಿನ ಸೆಮಿಸ್ಟರಿನ ನಿಮ್ಮದೇ ಪ್ರಬಂಧದ ಪುಟವನ್ನು ಹೇಳದೆ ಮತ್ತೆ ಬಳಸುವುದೂ ತಪ್ಪೇ. ದುಡ್ಡಿಗೆ ಬರೆದುಕೊಡುವವರ ದಂಧೆಯಂತೂ ಇಂಗ್ಲೆಂಡಿನಲ್ಲಿ 2022ರ ಕಾಯ್ದೆಯಿಂದ ಅಪರಾಧವಾಗಿದೆ.

ವಿಚಾರಣೆಯ ಪತ್ರ ಬಂದರೆ ಉತ್ತರ ಬರೆಯುವ ಮೊದಲು ವಿದ್ಯಾರ್ಥಿ ಸಂಘದ ಸಲಹಾ ಕೇಂದ್ರಕ್ಕೆ ಹೋಗಿ. ಟಿಪ್ಪಣಿ ಪುಸ್ತಕ, ಹಳೆಯ ಕರಡುಗಳು, ಫೈಲಿನ ಆವೃತ್ತಿ ಇತಿಹಾಸ, ಎಲ್ಲವನ್ನೂ ಒಯ್ಯಿರಿ. ಕರಡನ್ನು ಅಳಿಸದೆ ದಿನಾಂಕ ಹಾಕಿ ಇಟ್ಟುಕೊಳ್ಳುವ ಅಭ್ಯಾಸ ಮೊದಲ ವಾರದಿಂದಲೇ ಇರಲಿ.